ಹಳೇ ಓಮ್ನಿಗೆ ದೊಡ್ಡ ಎಂಜಿನ್ ಬೇಕೆ?

ಕೊಯ್ಲು ಹತ್ತಿರವಾದಂತೆ ನಮ್ಮ ಬೆಳೆಗಾರ ಬಂಧುಗಳಲ್ಲಿ ಕೆಲವರು ಮತ್ತೆ ಅದೇ ಮಾತೆತ್ತಿದ್ದಾರೆ: ಮನೆಯ ಹಳೇ ಮಾರುತಿ ಓಮ್ನಿಗೆ ಬೇರೆ ಎಂಜಿನ್ ಕೂರಿಸಿ, ಹಿಂದೆ ಟ್ರೈಲರ್ ಕಟ್ಟಿ, ಕಾಫಿ ಹಣ್ಣು, ಅಡಿಕೆ ಗೊನೆ ಸಾಗಿಸಬಾರದೇಕೆ? ಹೊಸ ಪಿಕಪ್ಪಿಗೆ ಸಾಲ ಮಾಡಲು ಅಂಜುವವರ ಲೆಕ್ಕ ನಮಗೂ ಅರ್ಥವಾಗುತ್ತದೆ. ಆದರೂ ನಾವು ಬೇಡವೆನ್ನುತ್ತೇವೆ.

2019ರಲ್ಲಿ ತಯಾರಿಕೆ ನಿಂತ ಈ ವ್ಯಾನಿನದು 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್. ಕ್ಲಚ್ಚು, ಗೇರ್ ಬಾಕ್ಸು, ಬ್ರೇಕು ಎಲ್ಲವೂ ಅದರ ಅಳತೆಗೇ ಮಾಡಿದವು. ದೊಡ್ಡ ಎಂಜಿನ್ ಏರು ಹತ್ತಿಸೀತು. ಇಳಿಜಾರಿನಲ್ಲಿ ನಿಲ್ಲಿಸುವವರು ಯಾರು? ತನ್ನದೇ ಬ್ರೇಕಿಲ್ಲದ ಟ್ರೈಲರ್ ಹೇರು ತುಂಬಿಕೊಂಡು ತಿರುವಿನಲ್ಲಿ ಹಗುರವಾದ ವ್ಯಾನನ್ನು ಹಿಂದಿನಿಂದ ನೂಕುತ್ತದೆ. ಬ್ರೇಕು ಕಾದು ಹಿಡಿತ ಬಿಡುತ್ತದೆ. ಎಂಜಿನ್ ಇರುವುದೋ ಮುಂದಿನ ಸೀಟಿನ ಕೆಳಗೆ. ಅಲ್ಲಿ ದೊಡ್ಡದನ್ನು ತುರುಕಿದರೆ ಕಾವಿಗೆ ಕೂರುವುದೂ ಕಷ್ಟ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಬದಲಾವಣೆಯನ್ನು ಮನಬಂದಂತೆ ಮಾಡುವಂತಿಲ್ಲ. ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಅದಿಲ್ಲದೆ ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಆಗ ಪರಿಹಾರದ ಹೊರೆ ತೋಟದ ಮೇಲೆಯೇ.

ಹಳೇ ಎಂಜಿನ್ನನ್ನೇ ರಿಪೇರಿ ಮಾಡಿಸಿ, ಓಮ್ನಿಯನ್ನು ಶಾಲೆಗೂ ಸಂತೆಗೂ ಇಟ್ಟುಕೊಳ್ಳಿ. ಹೇರಿಗೆ ನಾಲ್ಕು ಮನೆಯವರು ಸೇರಿ ಒಂದು ಪಿಕಪ್ಪನ್ನು ಬಾಡಿಗೆಗೆ ಗೊತ್ತು ಮಾಡಿ. ಕೊಯ್ದ ಹಣ್ಣು ಅಂದೇ ಪಲ್ಪರಿಗೆ ಸೇರಬೇಕಾದ್ದರಿಂದ ಸರದಿಯನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ.