ಕೆಫೀನ್ ಹಿಡಿದ ಸೀಟು
ಪರೀಕ್ಷೆಯ ಕಾಲ ಬಂದೊಡನೆ ಕಾಲೇಜುಗಳ ಎದುರಿನ ಅಂಗಡಿಗಳಲ್ಲಿ ಎನರ್ಜಿ ಡ್ರಿಂಕ್ ಡಬ್ಬಿಗಳು ಮುಂದಿನ ಸಾಲಿಗೆ ಬರುತ್ತವೆ; ಆದರೆ ಅವುಗಳಲ್ಲಿರುವ ಕೆಫೀನ್ ಎಂಬ ಉತ್ತೇಜಕವು, ಅಂದರೆ ನರಮಂಡಲದ ಚಟುವಟಿಕೆಯನ್ನು ಹೆಚ್ಚಿಸುವ ವಸ್ತುವು, ದೇಹಕ್ಕೆ ಶಕ್ತಿಯನ್ನು ಕೊಡದೆ ದಣಿವಿನ ಸುದ್ದಿಯನ್ನಷ್ಟೇ ತಡೆಹಿಡಿಯುತ್ತದೆ. ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗಿ, ನರಕೋಶಗಳ ಮೇಲಿರುವ ಗ್ರಾಹಕಗಳನ್ನು, ಎಂದರೆ ಸಂದೇಶ ಪಡೆಯುವ ತಾಣಗಳನ್ನು, ಸೇರಿ ನಿದ್ರೆಯನ್ನು ಕರೆತರುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರಂತೆ ಕೆಫೀನ್ ಆ ತಾಣಗಳನ್ನು ಮೊದಲೇ ಹಿಡಿದುಬಿಡುವುದರಿಂದ ಅಡೆನೊಸಿನ್ ನಿಂತೇ ಕಾಯಬೇಕಾಗುತ್ತದೆಯೇ ಹೊರತು ಇಳಿದುಹೋಗುವುದಿಲ್ಲ, ಅದರ ನೂಕುನುಗ್ಗಲು ಹೆಚ್ಚುತ್ತಲೇ ಇರುತ್ತದೆ, ಮತ್ತು ಕೆಫೀನಿನ ಪ್ರಭಾವ ಇಳಿದಾಗ ಆಯಾಸವೆಲ್ಲ ಒಮ್ಮೆಲೇ ಎರಗುವುದು ಈ ಕಾರಣದಿಂದಲೇ. ಈ ನಡುವೆ ಅಡ್ರಿನಲಿನ್ ಎಂಬ ಹಾರ್ಮೋನು ಏರಿ ರಕ್ತದೊತ್ತಡ ಹೆಚ್ಚುತ್ತದೆ. ಪ್ರಮಾಣ ಮೀರಿದರೆ ಎದೆ ಡವಗುಟ್ಟಿ, ಕೈ ನಡುಗಿ, ಮನಸ್ಸು ಕಾರಣವಿಲ್ಲದೆ ಕಳವಳಗೊಳ್ಳುತ್ತದೆ. ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕಾಗುವುದರಿಂದ, ರಾತ್ರಿ 10ಕ್ಕೆ ಕುಡಿದದ್ದರ ಅರ್ಧ ಪಾಲು ಬೆಳಗಿನ ಜಾವ 3ಕ್ಕೂ ಉಳಿದಿದ್ದು ಗಾಢನಿದ್ರೆಯನ್ನು ಕೆಡಿಸುತ್ತದೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರುವುದು ಬಹುಮಟ್ಟಿಗೆ ಆ ಗಾಢನಿದ್ರೆಯಲ್ಲಿ ಆದ್ದರಿಂದ, ಓದಿಗಾಗಿ ಕುಡಿದದ್ದು ಓದನ್ನೇ ಸಡಿಲಗೊಳಿಸುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಈ ಪಾನೀಯ ಸಲ್ಲದೆಂದು ಡಬ್ಬಿಯ ಮೇಲೆ ಮುದ್ರಿಸಲೇಬೇಕೆಂಬ ನಿಯಮ ಭಾರತದಲ್ಲಿದ್ದರೂ ಹೈಸ್ಕೂಲಿನ ಮಕ್ಕಳ ಕೈಗೂ ಅದು ಸಲೀಸಾಗಿ ಸಿಗುತ್ತಿರುವುದು ನಿಜಕ್ಕೂ ಆತಂಕದ ಸಂಗತಿ.