ಕೊಡಲಿ ತಾಗದೆ ಸಾಯುವ ಮರಗಳು

ಮುಂಬಯಿಯಲ್ಲಿ ಮರ ಸುದ್ದಿಯಾಗುವುದು ಕೊಡಲಿ ಬಿದ್ದಾಗ ಮಾತ್ರ. 2019ರ ಅಕ್ಟೋಬರಿನಲ್ಲಿ ಉಚ್ಚ ನ್ಯಾಯಾಲಯವು ಅರ್ಜಿಗಳನ್ನು ತಳ್ಳಿಹಾಕಿದ ರಾತ್ರಿಯೇ ಆರೆ ಕಾಲನಿಯಲ್ಲಿ ಗರಗಸಗಳು ಸದ್ದು ಮಾಡಿದವು. ಸರ್ವೋಚ್ಚ ನ್ಯಾಯಾಲಯ ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮರಗಳು ಉರುಳಿದ್ದವು. ಅಲ್ಲಿಯೇ 84 ಮರಗಳ ಅನುಮತಿ ಪಡೆದು 177ಕ್ಕೆ ಕೈಯಿಕ್ಕಲು ಹೋದ ಮೆಟ್ರೋ ನಿಗಮಕ್ಕೆ 2023ರಲ್ಲಿ ಅದೇ ನ್ಯಾಯಾಲಯ ಹತ್ತು ಲಕ್ಷ ರೂಪಾಯಿ ದಂಡ ವಿಧಿಸಿತು. ಆದರೆ ಆ 177ನ್ನು ಕಡಿಯಲು ಸಮ್ಮತಿಯನ್ನೂ ಇತ್ತಿತು!

ನನ್ನ ಕಳವಳ ಇನ್ನೊಂದು ಬಗೆಯ ಸಾವಿನದು. ಮರಕ್ಕೆ ಉಣಿಸುವ ಬೇರುಗಳು ಬಹುಪಾಲು ಮೇಲ್ಮಣ್ಣಿನ ಎರಡು ಮೂರು ಅಡಿಗಳಲ್ಲಿಯೇ, ಕೊಂಬೆಗಳ ನೆರಳನ್ನೂ ಮೀರಿ ಹರಡಿರುತ್ತವೆ. ರಸ್ತೆಗೆ ಕಾಂಕ್ರೀಟು ಹಾಸಲು ಅಗೆಯುವ ಯಂತ್ರ ಅವನ್ನು ಕತ್ತರಿಸುತ್ತದೆ. ಬುಡದಲ್ಲಿ ಪೇರಿಸಿದ ಜಲ್ಲಿ, ಲಾರಿಗಳ ಓಡಾಟ ಮಣ್ಣನ್ನು ಅದುಮಿ ಗಾಳಿ ನೀರು ಇಳಿಯದಂತೆ ಮಾಡುತ್ತವೆ. ಮರ ಅಂದೇ ಸಾಯುವುದಿಲ್ಲ. ಎರಡು ಮೂರು ಮಳೆಗಾಲ ಕಳೆದ ಮೇಲೆ ಯಾವುದೋ ಆಷಾಢದ ಗಾಳಿಗೆ ಉರುಳುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನ ಬಿಲ್ಲು ಪಾವತಿಯಾಗಿರುತ್ತದೆ, ಕಡತ ಮುಚ್ಚಿರುತ್ತದೆ. ನಿಸರ್ಗ ವಿಕೋಪವೆಂದು ಬರೆದರೆ ತೀರಿತು. ಸರಕಾರಿ ಕಡತಗಳ ನಡುವೆಯೇ ತಲೆ ನರೆತ ನನಗೆ ಈ ಜಾಣ್ಮೆ ಅಪರಿಚಿತವಲ್ಲ.

ಕಾನೂನು ಇಲ್ಲವೆನ್ನುವಂತಿಲ್ಲ. ಮಹಾರಾಷ್ಟ್ರದ 1975ರ ನಗರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರಕ್ಕೆ ಹಾನಿ ಮಾಡುವುದೂ ಕಡಿದಂತೆಯೇ. ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ದಿಲ್ಲಿಯ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲಿಯೇ ಆದೇಶಿಸಿದೆ. ಕೊರತೆಯಿರುವುದು ಅಗೆಯುವ ಹೊತ್ತಿಗೆ ಸ್ಥಳದಲ್ಲಿ ನಿಂತು ನೋಡುವವರದು.

2025ರ ನವೆಂಬರಿನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕನವರು ಅಂಥ ಕಾವಲು ನಿಂತವರು. ಹುಲಿಕಲ್–ಕುದೂರು ದಾರಿಯಲ್ಲಿ ತಾವು ಪತಿಯೊಡನೆ ಬೆಳೆಸಿದ ಆಲದ ಮರಗಳಿಗೆ 2019ರಲ್ಲಿ ರಸ್ತೆ ಅಗಲೀಕರಣದ ಕುತ್ತು ಬಂದಾಗ, ಆ ವೃದ್ಧೆ ಮುಖ್ಯಮಂತ್ರಿಗಳಲ್ಲಿಯೇ ಮೊರೆಯಿಟ್ಟರು. ಬದಲಿ ದಾರಿ ಹುಡುಕುವಂತೆ ಅಧಿಕಾರಿಗಳಿಗೆ ಸೂಚನೆ ಹೋಯಿತು. ನೆಡುವ ಫೋಟೋ ತೆಗೆಸಿಕೊಳ್ಳುವ ನಾವು ಅವರ ಬಾಳಿನ ಈ ಭಾಗವನ್ನು ಬಹಳವಾಗಿ ನೆನೆಯುವುದಿಲ್ಲ.

ಮಾಟುಂಗಾ, ಚೆಂಬೂರು, ಮುಲುಂಡುಗಳ ನಮ್ಮವರ ಹಳೆಯ ಸೊಸೈಟಿಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಕಾರ್ಪೆಟ್ ವಿಸ್ತೀರ್ಣಕ್ಕೆ, ಕಾರ್ಪಸ್ ನಿಧಿಗೆ, ಬಾಡಿಗೆಗೆ ತಾಸುಗಟ್ಟಲೆ ಜಗ್ಗಾಡುವ ಮಹಾಸಭೆಗಳಲ್ಲಿ ಅಂಗಳದ ಮಾವು, ಹಲಸುಗಳಿಗಾಗಿ ಒಂದು ಕಲಮನ್ನೂ ಬರೆಸುವುದಿಲ್ಲ. ಮರದ ಸುತ್ತ ಬೇಲಿ ಕಟ್ಟಬೇಕು, ಬುಡದಲ್ಲಿ ಸಿಮೆಂಟು ಕಲಸಬಾರದು, ಮರ ಸತ್ತರೆ ಬಿಲ್ಡರನ ಠೇವಣಿಯಿಂದ ಹಣ ಮುರಿದುಕೊಳ್ಳಬೇಕು. ಸಹಿ ಹಾಕುವ ಮೊದಲು ಇಷ್ಟನ್ನು ಕೇಳಬೇಕು. ಆಮೇಲೆ ಕೇಳಿದರೆ ಕೊಡುವವರಿಲ್ಲ.