ಗಾಳದ ಕೋಲು ಮತ್ತು ಹೊಳೆಯ ಲೆಕ್ಕ

ಕೊರೊನಾ ಕಾಲದಲ್ಲಿ, 2020ರಲ್ಲಿ, ನಗರಗಳಿಂದ ಊರಿಗೆ ಮರಳಿದ ಹಲವರು ಮಲೆನಾಡಿನ ಮನೆಗಳಲ್ಲಿಯೇ ನೆಲೆನಿಂತಿದ್ದಾರೆ. ತೋಟ, ಗದ್ದೆಗಳ ಜೊತೆಗೆ ಬಾಲ್ಯದ ಹವ್ಯಾಸಗಳೂ ಅವರಿಗೆ ನೆನಪಾಗುತ್ತಿವೆ. ಅವುಗಳಲ್ಲಿ ಒಂದು, ಹೊಳೆಯ ದಂಡೆಯಲ್ಲಿ ಕುಳಿತು ಗಾಳ ಹಾಕುವುದು. ಇಪ್ಪತ್ತು ಇಪ್ಪತ್ತೈದು ವರ್ಷಗಳ ಬಳಿಕ ಗಾಳಕ್ಕೆ ಮರಳುವವರು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಕೋಲು, ಯಾವ ರೀಲು, ಯಾವ ದಾರ ಕೊಳ್ಳಬೇಕು? ಪರಿಸರದ ಪತ್ರಿಕೆಗೆ ಈ ವಿಚಾರ ಏಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ಹೊಳೆಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ. ಗಾಳಕ್ಕೆ ಸಿಕ್ಕ ಮೀನು ಬದುಕುವುದೂ ಸಾಯುವುದೂ, ದಂಡೆಯಲ್ಲಿ ಉಳಿದ ದಾರಕ್ಕೆ ನೀರುಕಾಗೆ ಸಿಲುಕುವುದೂ ಬಹುಮಟ್ಟಿಗೆ ಅಂಗಡಿಯಲ್ಲಿಯೇ ನಿರ್ಧಾರವಾಗುತ್ತದೆ.

ಹಿಂದೆ ಈ ಆಯ್ಕೆಯ ಗೊಡವೆಯೇ ಇರಲಿಲ್ಲ. ವಾಟೆಯ ಗಳ, ಮೂರು ನಾಲ್ಕು ಮಾರು ತಂಗೂಸಿ, ಒಂದು ಬೆಂಡು, ಒಂದು ಗಾಳ, ತೆಂಗಿನ ಚಿಪ್ಪಿನಲ್ಲಿ ಎರೆಹುಳ, ಇಷ್ಟಿದ್ದರೆ ಸಾಕಾಗುತ್ತಿತ್ತು. ಇಂದು ಪೇಟೆಯಲ್ಲಿ ದೊರೆಯುವ ಕೋಲು, ರೀಲುಗಳಲ್ಲಿ ಬಹುಪಾಲು ‘ಬಾಸ್’ ಎಂಬ ಮೀನನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು. ಬಾಸ್ ಉತ್ತರ ಅಮೆರಿಕದ ಮೀನು. ಹೆಚ್ಚಾಗಿ ಕೆರೆ, ಜಲಾಶಯ ಮತ್ತು ನಿಧಾನವಾಗಿ ಹರಿಯುವ ನೀರಿನಲ್ಲಿ, ಜೊಂಡು ಹಾಗೂ ಮುಳುಗಿದ ಮರಗಳ ಆಸರೆಯಲ್ಲಿ ಬದುಕುತ್ತದೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹಿಡಿದ ಬಾಸ್ ಸುಮಾರು 10 ಕಿಲೋ ತೂಗಿತ್ತು. 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಸಿಕ್ಕ ಇನ್ನೊಂದು ಬಾಸ್ ಆ ದಾಖಲೆಯನ್ನು ಸರಿಗಟ್ಟಿತು. ಸಾಮಾನ್ಯವಾಗಿ ಸಿಗುವ ಬಾಸ್ ಒಂದೆರಡು ಕಿಲೋದ್ದು. ಅದರ ಓಟ ಚಿಕ್ಕದು. ಕೋಲೂ ದಾರವೂ ಅದಕ್ಕೆ ತಕ್ಕಂತಿವೆ.

ನಮ್ಮ ಹೊಳೆಗಳ ಲೆಕ್ಕ ಬೇರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದ ಒಬ್ಬರು ಕಬಿನಿಯಲ್ಲಿ ಹಿಡಿದ ಮಾಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಗಾಳ ಕಚ್ಚಿದ ಮಾಶೀರ್ ರಭಸದ ಹರಿವಿನಲ್ಲಿ ಬಂಡೆಗಳ ಸಂದಿಯತ್ತ ನುಗ್ಗುತ್ತದೆ. ಬಾಸ್‌ಗೆಂದು ಮಾಡಿದ 10 ಪೌಂಡಿನ ದಾರ ಅಲ್ಲಿ ಬಂಡೆಯ ಅಂಚಿಗೆ ತಾಗಿ ಕಡಿದುಹೋಗುತ್ತದೆ. ಹಿಡಿಯುವವನಿಗೆ ಅದು ತಪ್ಪಿಸಿಕೊಂಡ ಮೀನು. ಬಾಯಲ್ಲಿ ಗಾಳವನ್ನೂ ಹಿಂದೆ ಹತ್ತಾರು ಮೀಟರ್ ದಾರವನ್ನೂ ಎಳೆದುಕೊಂಡು ಕಲ್ಲಿನ ಸಂದಿಗೆ ಸಿಲುಕಿದ ಮೀನಿಗೆ ಅದು ನಿಧಾನದ ಸಾವು.

ಆದ್ದರಿಂದ ಕೋಲನ್ನು ಆರಿಸುವ ಮೊದಲು ನೀರನ್ನು ಆರಿಸಬೇಕು. ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗಿನ ಹೊಳೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆ 1972 ಅನ್ವಯಿಸುತ್ತದೆ. ಅಲ್ಲಿ ಗಾಳದ ಮಾತೇ ಇಲ್ಲ. ಶೃಂಗೇರಿ, ಶಿಶಿಲದಂತಹ ದೇವರ ಮೀನುಗಳ ಮಡುಗಳನ್ನು ನಮ್ಮ ಹಿರಿಯರು ಕಾಯಿದೆಗಿಂತ ಬಹಳ ಹಿಂದೆಯೇ ಕಾಯ್ದುಕೊಂಡು ಬಂದರು. ಅವುಗಳ ಮೇಲಿನ ಮತ್ತು ಕೆಳಗಿನ ಹರಿವೂ ಅದೇ ಗೌರವಕ್ಕೆ ಅರ್ಹ. ಮೀನಿಗೆ ಮಡುವಿನ ಗಡಿ ತಿಳಿಯದು. ಕಾವೇರಿಯ ಗೂನುಬೆನ್ನಿನ ಮಾಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಅದನ್ನು ಟೋರ್ ರೆಮಾದೇವಿ ಎಂದು ಗುರುತಿಸಿದರು. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯಕ್ಕೊಳಗಾದ ಪ್ರಭೇದವಾಗಿ ಸೇರಿತು. ಮಾಶೀರ್ ಇರುವ ಮಡುವಿನಲ್ಲಿ ಗಾಳ ಬೇಡ ಎಂಬುದು ನಮ್ಮ ಸ್ಪಷ್ಟ ನಿಲುವು. ಹಾಗೆಯೇ ಮುಂಗಾರಿನ ಮೊದಲ ನೆರೆಯಲ್ಲಿ ಮೊಟ್ಟೆಯಿಡಲು ಹಳ್ಳ, ಗದ್ದೆಗಳಿಗೆ ಏರಿಬರುವ ಹತ್ತುಮೀನನ್ನು ಬಿಟ್ಟುಬಿಡಬೇಕು. ಅಂದು ಹಿಡಿದ ಒಂದು ಮೀನಿನ ಹೊಟ್ಟೆಯಲ್ಲಿ ಮುಂದಿನ ವರ್ಷಗಳ ಸಾವಿರಾರು ಮೀನುಗಳಿರುತ್ತವೆ.

ಹಾಗಾದರೆ ಉಳಿಯುವುದೇನು? ಬಹಳವೇ ಉಳಿಯುತ್ತದೆ. ನಮ್ಮ ಕೆರೆ ಮತ್ತು ಹಿನ್ನೀರುಗಳ ತುಂಬ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಇದೆ. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕದ ಮೀನು ಸ್ಥಳೀಯ ಮೀನುಗಳ ಮೇವನ್ನೂ ನೆಲೆಯನ್ನೂ ಕಬಳಿಸಿದೆ. 2000ದಲ್ಲಿಯೇ ಸಾಕಣೆ ನಿಷೇಧಕ್ಕೊಳಗಾದ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಕೊಳಗಳಿಂದ ತಪ್ಪಿಸಿಕೊಂಡು ಹರಿವ ನೀರನ್ನು ಸೇರಿದೆ. ಗಾಳಕ್ಕೆ ಮರಳುವವರು ಇವುಗಳಿಂದಲೇ ಆರಂಭಿಸಲಿ. ಹಿಡಿದದ್ದನ್ನು ಮರಳಿ ನೀರಿಗೆ ಬಿಡದೆ ಮನೆಗೆ ಒಯ್ಯಲಿ. ಕೆರೆಗಳು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ವಹಿಸಲ್ಪಟ್ಟಿರುತ್ತವೆ. ಅವರ ಅನುಮತಿ ಪಡೆಯುವುದು ಕಾನೂನಿನ ದೃಷ್ಟಿಯಿಂದಲೂ ನೆರೆಹೊರೆಯ ದೃಷ್ಟಿಯಿಂದಲೂ ಅಗತ್ಯ.

ಇನ್ನು ಸಲಕರಣೆಯ ವಿಚಾರ. ಅಟ್ಟದ ಮೇಲೆ ಹಳೆಯ ಗಾಜುನಾರಿನ ಕೋಲು ಇದ್ದರೆ ಹೊಸದನ್ನು ಕೊಳ್ಳುವ ಅವಸರ ಬೇಡ. ಅದರ ಒಂದೊಂದು ಉಂಗುರದೊಳಗೂ ಹತ್ತಿಯ ತುಣುಕನ್ನು ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಉಂಗುರ ಬಿರುಕುಬಿಟ್ಟಿದೆ ಎಂದು ಅರ್ಥ. ಅದು ದಾರವನ್ನು ಕೊಯ್ಯುತ್ತದೆ. ಉಂಗುರವನ್ನಷ್ಟೇ ಬದಲಿಸಿದರೆ ಕೋಲು ಇನ್ನೂ ಹತ್ತು ವರ್ಷ ಬಾಳುತ್ತದೆ. ಹೊಸದನ್ನೇ ಕೊಳ್ಳುವುದಾದರೆ ಆರೂವರೆಯಿಂದ ಏಳು ಅಡಿಯ, ಮಧ್ಯಮ ಬಲದ ಒಂದೇ ಕೋಲು ಸಾಕು. ಹಿಡಿಯ ಮೇಲೆ ಎಷ್ಟು ಪೌಂಡಿನ ದಾರ, ಎಷ್ಟು ತೂಕದ ಆಮಿಷ ಎಂದು ಅಚ್ಚಾಗಿರುತ್ತದೆ. ಬೆಲೆಗಿಂತ ಮೊದಲು ಅದನ್ನು ಓದಬೇಕು. ಇಂಗಾಲದ ನಾರಿನ ಕೋಲು ಹಗುರ ಮತ್ತು ಸೂಕ್ಷ್ಮ. ಆದರೆ ಬಂಡೆಗೆ ಬಡಿದರೆ ಸಣ್ಣ ಗಾಯವೂ ಮುಂದೆ ಮುರಿತವಾಗುತ್ತದೆ. ಗಾಜುನಾರಿನ ಕೋಲು ತುಸು ಭಾರ, ಪೆಟ್ಟು ತಾಳುತ್ತದೆ. ಇಂಗಾಲದ ನಾರು ವಿದ್ಯುತ್ತನ್ನು ಹಾಯಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕೆರೆಯ ಮೇಲೆ ಜೋತುಬಿದ್ದ ವಿದ್ಯುತ್ ತಂತಿಯ ಕೆಳಗೂ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲೂ ಅದನ್ನು ಎತ್ತಿ ಹಿಡಿಯುವುದು ಪ್ರಾಣಕ್ಕೆ ಅಪಾಯ.

ರೀಲುಗಳಲ್ಲಿ ಎರಡು ಬಗೆ. ಬಾಸ್ ಹಿಡಿಯುವವರು ಮೆಚ್ಚುವ ಬೇಟ್‌ಕಾಸ್ಟರ್ ರೀಲಿನಲ್ಲಿ ದಾರದ ಉರುಳೆಯೇ ತಿರುಗುತ್ತದೆ. ಹೆಬ್ಬೆರಳಿನ ಹಿಡಿತ ತಪ್ಪಿದರೆ ದಾರ ಗೂಡುಗಟ್ಟಿ ಸಿಕ್ಕಾಗುತ್ತದೆ, ಆ ಸಿಕ್ಕು ಕೊನೆಗೆ ಕತ್ತರಿಸಲ್ಪಟ್ಟು ದಂಡೆಯ ಕಸವಾಗುತ್ತದೆ. ಬಹುಕಾಲದ ಬಳಿಕ ಮರಳುವವರಿಗೆ ಉರುಳೆ ತಿರುಗದ ಸ್ಪಿನ್ನಿಂಗ್ ರೀಲು ಲೇಸು. 2500 ಅಥವಾ 3000 ಎಂಬ ಅಳತೆಯದು ಸಾಕು. ಒಳಗೆ ಎಷ್ಟು ಬೇರಿಂಗ್ ಇವೆ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ನೋಡಬೇಕಾದದ್ದು ಡ್ರ್ಯಾಗ್ ಎಂಬ ತಡೆಯನ್ನು. ಮೀನು ಎಳೆದಾಗ ದಾರ ಜಗ್ಗದೆ, ಒಂದೇ ಸಮನಾಗಿ ಬಿಟ್ಟುಕೊಡಬೇಕು. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು, ದಾರದ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಸೆಳೆತಕ್ಕೆ ಅದು ಬಿಡುವಂತೆ ತಿರುಪನ್ನು ಹೊಂದಿಸಿಕೊಳ್ಳಬೇಕು. 12 ಪೌಂಡಿನ, ಅಂದರೆ ಐದೂವರೆ ಕಿಲೋ ಬಲದ ದಾರಕ್ಕೆ ಒಂದೂವರೆ ಕಿಲೋ ಸರಿಯಾದ ಅಳತೆ.

ಮೂರರಲ್ಲಿ ಅತಿ ಅಗ್ಗದ್ದು ದಾರ. ಅತಿ ಹೆಚ್ಚು ಹಾನಿ ಮಾಡುವುದೂ ಅದೇ. ಹಳೆಯ ರೀಲಿನಲ್ಲಿ ವರ್ಷಗಟ್ಟಲೆ ಸುತ್ತಿಟ್ಟ ನೈಲಾನ್ ದಾರ ಬಿಸಿಲು, ಕಾಲಗಳಿಂದ ದುರ್ಬಲವಾಗಿರುತ್ತದೆ. ಅದನ್ನು ಪೂರ್ತಿ ತೆಗೆದುಹಾಕಬೇಕು. ಜಿಲೇಬಿಗೆ 6ರಿಂದ 8 ಪೌಂಡಿನ ನೈಲಾನ್ ಸಾಕು, ದೊಡ್ಡ ಕ್ಯಾಟ್‌ಫಿಶ್ ಇರುವಲ್ಲಿ 12 ಪೌಂಡ್ ಇರಲಿ. ಜೊಂಡು ತುಂಬಿದ ನೀರಿನಲ್ಲಿ ಕುಚ್ಚುಮೀನಿಗೆ ಹೋಗುವವರು 30 ಪೌಂಡಿನ ಹೆಣೆದ ದಾರವನ್ನು ಬಳಸುತ್ತಾರೆ. ಬಾಸ್‌ಗೆಂದು ಬಂದ ಬಲವಾದ ಕೋಲು ನಮ್ಮಲ್ಲಿ ಸಾರ್ಥಕವಾಗುವುದು ಇಲ್ಲಿಯೇ. ಆದರೆ ಹೆಣೆದ ದಾರ ಬೇರಿಗೆ ಸಿಕ್ಕಿದರೆ ಸುಲಭಕ್ಕೆ ತುಂಡಾಗದು. ಅದರ ತುದಿಗೆ ಒಂದು ಮೀಟರ್‌ನಷ್ಟು 15 ಪೌಂಡಿನ ನೈಲಾನ್ ಜೋಡಿಸಿದರೆ ಕಡಿಯುವುದು ಆ ತುಂಡು ಮಾತ್ರ. ಉಳಿದ ದಾರ ಹಿಂತಿರುಗುತ್ತದೆ. ಕುಚ್ಚುಮೀನು ನೀರಿನ ಮೇಲ್ಮೈಯಲ್ಲಿ ಕೆಂಪು ಮರಿಗಳ ಹಿಂಡನ್ನು ಕಾಯುತ್ತಿರುವಾಗ ಅದಕ್ಕೆ ಗಾಳ ಹಾಕಬಾರದು. ಕಾಯುವ ಮೀನು ಹೋದರೆ ಇಡೀ ಹಿಂಡು ಬೇರೆ ಮೀನುಗಳ ಪಾಲಾಗುತ್ತದೆ.

ಬಲವಾದ ದಾರ ದುರಾಸೆಯ ಲಕ್ಷಣ, ತೆಳು ದಾರವೇ ಕ್ರೀಡಾಧರ್ಮ ಎಂಬ ಮಾತು ಕೆಲವೆಡೆ ಕೇಳಿಬರುತ್ತದೆ. ಮೀನಿನ ದೇಹಧರ್ಮ ಇದನ್ನು ಒಪ್ಪುವುದಿಲ್ಲ. ದೀರ್ಘಕಾಲ ಎಳೆದಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಬಿಟ್ಟ ಕ್ಷಣ ಈಜಿಹೋದ ಮೀನು ಕೆಲವು ಗಂಟೆಗಳ ಬಳಿಕ ಸಾಯುವುದುಂಟು. ಸ್ಥಳೀಯ ಮೀನು ಸಿಕ್ಕರೆ ಬೇಗ ಎಳೆದು ಬೇಗ ಬಿಡುವುದಕ್ಕಾಗಿಯೇ ಸಲಕರಣೆ ಬಲವಾಗಿರಬೇಕು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಬಿಟ್ಟರೆ ಬಿಡಿಸುವುದು ಕ್ಷಣದ ಕೆಲಸ. ಕೈ ಒದ್ದೆ ಮಾಡಿಕೊಳ್ಳಬೇಕು. ಒಣ ಕೈ ಮೀನಿನ ಮೈಯ ಲೋಳೆಯನ್ನು ಕಿತ್ತು ರೋಗಕ್ಕೆ ದಾರಿ ಮಾಡುತ್ತದೆ. ಫೋಟೋಗಾಗಿ ನೀರಿನಿಂದ ಮೇಲೆತ್ತಿ ನಿಲ್ಲುವುದು ಬೇಡ. ಸೀಸದ ಗುಂಡಿನ ಬದಲು ಕಬ್ಬಿಣದ ನಟ್ಟನ್ನೋ ಸಣ್ಣ ಕಲ್ಲನ್ನೋ ಕಟ್ಟಬಹುದು. ಸೀಸ ನುಂಗಿ ಹಂಸಗಳು ಸತ್ತದ್ದರಿಂದ ಇಂಗ್ಲೆಂಡ್ 1987ರಲ್ಲಿಯೇ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿತು. ನಮ್ಮ ಗದ್ದೆ, ಕೆರೆಗಳ ಬಾತುಗಳಿಗೂ ಅದೇ ಸೀಸ ಅದೇ ವಿಷ.

ಕೋಲು, ರೀಲು, ದಾರಗಳ ಜೊತೆಗೆ ನಾಲ್ಕನೆಯ ಸಲಕರಣೆಯೊಂದನ್ನು ನಾವು ಸೂಚಿಸಬಯಸುತ್ತೇವೆ. ಅದು ಹತ್ತಿಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್. ಕಾವೇರಿ ದಂಡೆಯ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಎಷ್ಟು ಗಂಟೆ ಕುಳಿತರು, ಯಾವ ಮೀನು ಸಿಕ್ಕಿತು, ಎಷ್ಟು ತೂಗಿತು ಎಂದು ಬರೆದು, ಮೀನನ್ನು ಬಿಟ್ಟುಬಿಡುತ್ತಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಆ ಲೆಕ್ಕವನ್ನು ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದಾಗ ಒಂದು ಸತ್ಯ ಹೊರಬಿತ್ತು. ಒಟ್ಟು ಮಾಶೀರ್‌ಗಳ ಸಂಖ್ಯೆ ಏರುತ್ತಿದ್ದರೂ ಕಾವೇರಿಯ ಸ್ವಂತದ ಗೂನುಬೆನ್ನಿನ ಮೀನು ಕುಸಿಯುತ್ತಿತ್ತು. ಏರುತ್ತಿದ್ದದ್ದು ಹೊರಗಿನ ಮರಿಕೇಂದ್ರದಿಂದ ತಂದುಬಿಟ್ಟ ನೀಲಿರೆಕ್ಕೆಯ ಮಾಶೀರ್. ಸದುದ್ದೇಶದಿಂದ ಬಿಟ್ಟ ಮರಿಗಳೇ ಮೂಲನಿವಾಸಿಯ ಜಾಗವನ್ನು ತುಂಬಿದ್ದವು. ಹವ್ಯಾಸಿಗಳ ಪುಸ್ತಕವಿಲ್ಲದಿದ್ದರೆ ಈ ಬದಲಾವಣೆಯ ಜಾಡು ಸಿಗುವುದು ಬಹಳ ಕಷ್ಟವಾಗುತ್ತಿತ್ತು. ವನ್ಯಜೀವಿಧಾಮದ ನಿಯಮದಂತೆ ಅಲ್ಲಿ ಗಾಳ ನಿಂತಾಗ ಆ ಲೆಕ್ಕವೂ ನಿಂತಿತು.

ನಮ್ಮ ಹಳ್ಳಗಳಿಗೆ ಇಂತಹ ಲೆಕ್ಕ ಎಲ್ಲಿದೆ? ಬಾಳೆಮೀನು, ಹಾವುಮೀನುಗಳು ಹಿಂದೆ ಹೇರಳವಾಗಿದ್ದವು ಎಂದು ಅಜ್ಜಂದಿರು ಹೇಳುತ್ತಾರೆ. ಎಷ್ಟಿದ್ದವು, ಯಾವಾಗ ಕಡಿಮೆಯಾದವು ಎಂದರೆ ನಮ್ಮ ಬಳಿ ಒಂದು ಕಾಗದವೂ ಇಲ್ಲ. ತೋಟೆ ಸಿಡಿಸುವುದು, ಮಡುವಿಗೆ ಬ್ಲೀಚಿಂಗ್ ಪುಡಿ ಸುರಿಯುವುದು ಇವುಗಳ ವಿರುದ್ಧ ದೂರು ಕೊಡಲು ಹೋದಾಗಲೂ ಕೈಯಲ್ಲಿ ದಾಖಲೆ ಇರುವುದಿಲ್ಲ. ಕೃಷಿಕರಾದ ನಮ್ಮ ಪಾಲೂ ಇದರಲ್ಲಿದೆ. ಶೇಕಡ ಒಂದರ ಬೋರ್ಡೋ ದ್ರಾವಣದ ನೂರು ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತ ಇರುತ್ತದೆ. ಅಡಿಕೆಗೆ ಔಷಧಿ ಹೊಡೆದ ಸಂಜೆ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆದರೆ ಆ ತಾಮ್ರ ಮರಿಮೀನುಗಳನ್ನು ಕೊಲ್ಲಲು ಸಾಕು. ತೊಳೆದ ನೀರನ್ನು ತೋಟದೊಳಗೇ ಚೆಲ್ಲುವುದು ಯಾವ ಖರ್ಚೂ ಇಲ್ಲದ ಪರಿಹಾರ.

ಗಾಳ ಹಾಕುವವನು ಗಂಟೆಗಟ್ಟಲೆ ನೀರನ್ನೇ ನೋಡುತ್ತ ಕೂರುತ್ತಾನೆ. ನೀರಿನ ಬಣ್ಣ ಬದಲಾದದ್ದು, ಮೀನು ಹೊಟ್ಟೆ ಮೇಲಾಗಿ ತೇಲಿದ್ದು, ನೀರುನಾಯಿ ಬಾರದೆ ಹೋದದ್ದು ಮೊದಲು ಅವನ ಕಣ್ಣಿಗೆ ಬೀಳುತ್ತವೆ. ಮಲೆನಾಡಿಗೂ ಗಾಳಕ್ಕೂ ಒಟ್ಟಿಗೆ ಮರಳಿದವರಲ್ಲಿ ನಮ್ಮ ವಿನಂತಿ ಇಷ್ಟು: ಒಂದು ಕೋಲು, ಒಂದು ರೀಲು, ಮೀನಿಗೂ ನೀರಿಗೂ ತಕ್ಕ ಒಂದು ದಾರ ಕೊಳ್ಳಿರಿ, ಕಡಿದ ದಾರದ ಪ್ರತಿ ತುಂಡನ್ನೂ ಮನೆಗೆ ತನ್ನಿರಿ, ದಿನಾಂಕ, ಜಾಗ, ಕುಳಿತ ಗಂಟೆ, ಸಿಕ್ಕ ಮೀನು ಇವನ್ನು ಅದೇ ಸಂಜೆ ಬರೆದಿಡಿರಿ. ಏನೂ ಸಿಗದ ದಿನವನ್ನೂ ಬರೆಯಬೇಕು, ಲೆಕ್ಕಕ್ಕೆ ಅದೂ ಅಷ್ಟೇ ಮುಖ್ಯ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಹಳ್ಳಕ್ಕೆ ಇಂತಹ ಒಂದೊಂದು ಪುಸ್ತಕವನ್ನು ಈ ಮಳೆಗಾಲ ಕಳೆದ ಮೇಲೆ ಆರಂಭಿಸಲಿ. ಐದು ವರ್ಷಗಳ ಬಳಿಕ ಹೊಳೆಯ ಪರವಾಗಿ ಪಂಚಾಯತಿಯಲ್ಲಿ ಮಾತನಾಡುವವರ ಕೈಯಲ್ಲಿ ಆ ಪುಸ್ತಕಗಳಿರಬೇಕು.